81 ಓವರು, ಉಳಿದದ್ದು ಮಳೆ

ದಾಖಲೆ ಪುಸ್ತಕದಲ್ಲಿ ಆ ಟೆಸ್ಟ್‌ಗೆ ಸಿಕ್ಕಿರುವುದು ಮೂರೇ ಸಾಲಿನ ಜಾಗ. 2015ರ ನವೆಂಬರ್ 14ರಿಂದ 18, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ದಕ್ಷಿಣ ಆಫ್ರಿಕಾ 214ಕ್ಕೆ ಆಲೌಟ್, ಭಾರತ ವಿಕೆಟ್ ಕಳೆದುಕೊಳ್ಳದೆ 80. ಪಂದ್ಯ ಡ್ರಾ. ಮೊದಲ ದಿನ 81 ಓವರು ಆಟ ನಡೆಯಿತು. ಆಮೇಲಿನ ನಾಲ್ಕು ದಿನ ಒಂದು ಚೆಂಡೂ ಬೀಳಲಿಲ್ಲ. ದಾಖಲೆ ಬರೆಯುವವರಿಗೆ ಇದಕ್ಕಿಂತ ಹೆಚ್ಚಿನ ಕೆಲಸ ಇರಲಿಲ್ಲ. ಆಟ ನಡೆದಿದ್ದರೆ ಸೆಂಚುರಿ ಯಾರದು, ಐದು ವಿಕೆಟ್ ಯಾರದು ಎಂದು ಅವರು ಬರೆದಿಡುತ್ತಿದ್ದರು, ನಾವು ನಿಶ್ಚಿಂತೆಯಿಂದ ಮರೆತುಬಿಡುತ್ತಿದ್ದೆವು. ಏನೂ ನಡೆಯದ ನಾಲ್ಕು ದಿನಗಳನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ ಅವನ್ನು ನೆನಪಿಟ್ಟುಕೊಳ್ಳುವ ಹೊಣೆ ಗ್ಯಾಲರಿಯಲ್ಲಿ ಕೂತವರ ಮೇಲೆ ಬಿತ್ತು. ನಾನಂತೂ ಅದನ್ನು ಖುಷಿಯಿಂದಲೇ ಹೊತ್ತಿದ್ದೇನೆ. ನೀನು ನೋಡಿದ್ದರಲ್ಲಿ ಒಳ್ಳೆಯ ಟೆಸ್ಟ್ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಕೇಳಿದವರು ಒಮ್ಮೆ ನನ್ನ ಮುಖ ನೋಡಿ ಮಾತು ಬದಲಾಯಿಸುತ್ತಾರೆ.

ನಮ್ಮ ಮನೆಯಲ್ಲಿ ಕ್ರಿಕೆಟ್ ಹುಚ್ಚು ಇರುವುದು ಮಾವನವರಿಗೆ ಮತ್ತು ಸೊಸೆಗೆ. ನನ್ನ ಗಂಡನದು ಓವರಿಗೆ ಎಷ್ಟು ಚೆಂಡು ಎಂದರೂ ಯೋಚನೆ ಮಾಡಿ ಹೇಳುವ ಜಾತಿ. ಹೆಣ್ಣು ನೋಡಲು ಬಂದ ದಿನ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂಬ ಶಾಸ್ತ್ರವೆಲ್ಲ ಮುಗಿದ ಮೇಲೆ ಮಾವ ಮೆಲ್ಲಗೆ ಕೇಳಿದ್ದರು: ‘ಕುಂಬ್ಳೆ ಹತ್ತಕ್ಕೆ ಹತ್ತೂ ತೆಗೆದಾಗ ಕೊನೆಯವನು ಯಾರಮ್ಮಾ?’ ಅಕ್ರಮ್ ಅಂದೆ. ‘ಕ್ಯಾಚ್ ಹಿಡಿದದ್ದು?’ ಲಕ್ಷ್ಮಣ್ ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನಮ್ಮಪ್ಪನ ಕಡೆ ತಿರುಗಿ, ‘ಮುಹೂರ್ತ ಯಾವಾಗ ಇಟ್ಟುಕೊಳ್ಳೋಣ?’ ಅಂದರು. ಹುಡುಗನನ್ನು ಆಮೇಲೆ ಕೇಳಿದರು.

ಮಾವ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಈಗಲೂ ಕೈಯಲ್ಲಿ ಕೀಲಿ ಕೊಡುವ ಎಚ್‌ಎಂಟಿಯೇ. ಸ್ಟೇಡಿಯಂನ ದೊಡ್ಡ ಗಡಿಯಾರವನ್ನು ಅವರು ನಂಬುವುದಿಲ್ಲ, ಅಂಪೈರ್ ಕೈಗಡಿಯಾರದ ಮೇಲೂ ಅವರಿಗೆ ಅನುಮಾನ. ಡ್ರಿಂಕ್ಸ್ ಬ್ರೇಕ್ ಅರ್ಧ ನಿಮಿಷ ಹೆಚ್ಚಾದರೆ ಇಡೀ ಸಾಲಿಗೆ ಕೇಳುವಂತೆ ಹೇಳುತ್ತಾರೆ. ಇಂಥವರ ಪಕ್ಕ ಕೂತು ಟೆಸ್ಟ್ ನೋಡುವುದೆಂದರೆ ಒಂದು ಬಗೆಯ ಶಿಕ್ಷಣ.

ಆ ವರ್ಷ ಬಲಿಪಾಡ್ಯಮಿ ಕಳೆದ ಎರಡನೇ ದಿನಕ್ಕೆ ಟೆಸ್ಟ್. ಶನಿವಾರ, ಮೇಲಾಗಿ ಮಕ್ಕಳ ದಿನಾಚರಣೆ. ನಾನು ಗಣಿತ ಹೇಳಿಕೊಡುವ ಕಾಲೇಜಿಗೆ ರಜೆ ಹಾಕಿದ್ದೆ. ಅತ್ತೆ ಹಬ್ಬದಲ್ಲಿ ಉಳಿದ ಚಕ್ಕುಲಿ, ಕೊಬ್ಬರಿ ಮಿಠಾಯಿಯನ್ನು ಪೊಟ್ಟಣ ಕಟ್ಟಿ ನನ್ನ ಕೈಚೀಲದ ತಳದಲ್ಲಿ ಕರ್ಚೀಫಿನ ಕೆಳಗೆ ಮುಚ್ಚಿಟ್ಟರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಛತ್ರಿಯನ್ನಂತೂ ಬಿಡುವುದೇ ಇಲ್ಲ. ಹಿಂದಿನ ಸಾಲಿನವರಿಗೆ ಆಟ ಕಾಣಬೇಕಲ್ಲ, ನ್ಯಾಯವೇ. ಮತ್ತಿಕೆರೆಯಿಂದ ಶಿವಾಜಿನಗರದ ಬಸ್ಸು ಹಿಡಿದು, ಅಲ್ಲಿಂದ ಕಬ್ಬನ್ ರಸ್ತೆಯಲ್ಲಿ ನಡೆದೆವು. ಆಕಾಶ ಬೂದಿ ಬಣ್ಣಕ್ಕಿತ್ತು. ಸ್ಟೇಡಿಯಂನ ಚಾವಣಿಗೆ ಅದೇ ವರ್ಷ ಸೌರಫಲಕ ಹೊದಿಸಿದ್ದರು, ಬಿಸಿಲಿನಿಂದ ಕರೆಂಟು ತೆಗೆಯುವ ಕ್ರೀಡಾಂಗಣ ಎಂದು ಪೇಪರಿನಲ್ಲೆಲ್ಲ ಬಂದಿತ್ತು. ಅಂದು ಆ ಫಲಕಗಳಿಗೂ ನಮಗೂ ಸೂರ್ಯ ಒಂದೇ ಲೆಕ್ಕದಲ್ಲಿ ಕಂಡ.

ಅವತ್ತಿನ ಆಟದ ಮುಖ್ಯ ಸಂಗತಿ ಎಬಿ ಡಿವಿಲಿಯರ್ಸ್. ಅದು ಅವನ ನೂರನೇ ಟೆಸ್ಟ್. ಮತ್ತು ಅದು ನಡೆಯುತ್ತಿದ್ದುದು ಆರ್‌ಸಿಬಿ ಊರಿನಲ್ಲಿ. 2011ರಿಂದ ಪ್ರತಿ ಬೇಸಿಗೆ ಇದೇ ಮೈದಾನದಲ್ಲಿ ಅವನಿಗೆ ಜೈಕಾರ ಹಾಕಿದ ಗಂಟಲುಗಳು ಈಗ ಅವನು ಎದುರಾಳಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕಿತ್ತು. ಆಗಲಿಲ್ಲ. ಟಾಸ್ ಗೆದ್ದ ಕೊಹ್ಲಿ ಭಾರತದ ನೆಲದಲ್ಲಿ ಅಪರೂಪವೆಂಬಂತೆ ಮೊದಲು ಫೀಲ್ಡಿಂಗ್ ಆರಿಸಿಕೊಂಡರು. ಅಶ್ವಿನ್ ಒಂದೇ ಓವರಿನಲ್ಲಿ ಎರಡು ವಿಕೆಟ್ ಕಿತ್ತರು. ವರುಣ್ ಆರನ್ ಚೆಂಡು ಆಮ್ಲಾನ ಸ್ಟಂಪಿಗೆ ಬಡಿಯಿತು. ಗ್ಯಾಲರಿಯೆಲ್ಲ ಎದ್ದು ಕುಣಿಯಿತು. ಆ ಕುಣಿತ ನಿಲ್ಲುವ ಮೊದಲೇ ಮೆಟ್ಟಿಲಿಳಿದು ಡಿವಿಲಿಯರ್ಸ್ ಬಂದ, ಕುಣಿಯುತ್ತಿದ್ದವರೇ ‘ಎಬಿಡಿ, ಎಬಿಡಿ’ ಎಂದು ಶುರುಮಾಡಿದರು. ನಮ್ಮ ಮುಂದಿನ ಸಾಲಿನಲ್ಲಿ ಹದಿನೇಳನೇ ನಂಬರಿನ ಆರ್‌ಸಿಬಿ ಅಂಗಿ ಹಾಕಿ, ಕೆನ್ನೆಗೆ ತ್ರಿವರ್ಣ ಬಳಿದುಕೊಂಡು ಬಂದಿದ್ದ ಇಂಜಿನಿಯರಿಂಗ್ ಹುಡುಗ ಮಾವನ ಕಡೆ ತಿರುಗಿ, ‘ಅಂಕಲ್, ನಾನು ಯಾರ ಕಡೆ?’ ಎಂದು ನಿಜವಾಗಿಯೂ ಕೇಳಿದ. ಮಾವ ಗಡಿಯಾರ ನೋಡಿಕೊಂಡು, ‘ಲಂಚ್‌ವರೆಗೆ ಅವನ ಕಡೆ ಇರಪ್ಪ. ಆಮೇಲೆ ನೋಡೋಣ’ ಅಂದರು.

ಚೆಂಡು ತಿರುಗುತ್ತಿತ್ತು, ಒಮ್ಮೊಮ್ಮೆ ಎದೆಮಟ್ಟಕ್ಕೆ ಪುಟಿಯುತ್ತಿತ್ತು. ಜೊತೆಯವರು ಒಬ್ಬೊಬ್ಬರಾಗಿ ಮುಗ್ಗರಿಸುತ್ತಿದ್ದಾಗ ಇವನೊಬ್ಬ ಬೇರೆಯೇ ಪಿಚ್‌ನಲ್ಲಿ ಆಡುವವನಂತೆ ಆಡಿದ. ಅಶ್ವಿನ್ ಕೈಯಿಂದ ಚೆಂಡು ಬಿಡುವ ಮೊದಲೇ ಅವನ ಕಾಲು ನಿರ್ಧಾರ ಮಾಡಿಯಾಗಿರುತ್ತಿತ್ತು. 85ಕ್ಕೆ ಜಡೇಜಾ ಚೆಂಡಿನಲ್ಲಿ ಸಹಾಗೆ ಕ್ಯಾಚ್ ಕೊಟ್ಟಾಗ ಅರೆಗಳಿಗೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ನಂತರ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ವಿಕೆಟ್ಟಿಗೋ ಇನ್ನಿಂಗ್ಸಿಗೋ ಎಂದು ವಿಂಗಡಿಸಲು ಯಾರೂ ಹೋಗಲಿಲ್ಲ. ಅಶ್ವಿನ್ ನಾಲ್ಕು, ಜಡೇಜಾ ನಾಲ್ಕು, 214. ಸಂಜೆ ವಿಜಯ್ ಮತ್ತು ಧವನ್ 22 ಓವರು ಆಡಿ 80 ಮಾಡಿಟ್ಟರು. ಮೊಹಾಲಿಯಲ್ಲಿ ಮೊದಲ ಟೆಸ್ಟ್ ಗೆದ್ದಾಗಿತ್ತು, ಇಲ್ಲಿಯೂ ಆಟ ನಮ್ಮ ಕೈಯಲ್ಲೇ ಇತ್ತು. ಬಸ್ಸಿನಲ್ಲಿ ವಾಪಸು ಬರುತ್ತಾ ಮಾವ ನಾಲ್ಕನೇ ದಿನಕ್ಕೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಐದನೇ ದಿನಕ್ಕೆ ಬ್ಯಾಂಕಿನ ಕೆಲಸವೊಂದನ್ನು ಇಟ್ಟುಕೊಂಡರು.

ರಾತ್ರಿ ಅತ್ತೆ ಪಂಚಾಂಗ ನೋಡಿದರು. ‘ವಿಶಾಖ ನಡೀತಿದೆ. ವಿಶಾಖ ಮಳೆ ಪಿಶಾಚಿ ಹಾಗೆ ಅಂತಾರೆ, ಹಿಡಿದರೆ ಬಿಡಲ್ಲ’ ಅಂದರು. ಮಾವ ಹವಾಮಾನ ಇಲಾಖೆಯ ಮಾತೂ ಅದೇ ಎಂದು ಒಪ್ಪಿಕೊಳ್ಳಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಒಂದರ ಮೇಲೊಂದು ವಾಯುಭಾರ ಕುಸಿತವಾಗುತ್ತಿದ್ದ ನವೆಂಬರ್ ಅದು. ಅದೇ ವಾರ ಚೆನ್ನೈಯ ಬೀದಿಗಳಲ್ಲಿ ದೋಣಿ ಬಿಡುವ ಸ್ಥಿತಿ ಬಂದಿತ್ತು, ಡಿಸೆಂಬರ್‌ನ ದೊಡ್ಡ ಪ್ರವಾಹ ಇನ್ನೂ ಬರಬೇಕಿತ್ತು. ಅಲ್ಲಿನ ಸಂಕಟದ ಎದುರು ನಮ್ಮ ಟೆಸ್ಟ್ ನಿಂತದ್ದು ಯಾವ ಲೆಕ್ಕಕ್ಕೂ ಇಲ್ಲ. ಆ ಮೋಡಗಳ ಅಂಚು ನಮ್ಮ ಮೇಲೂ ಹಾದುಹೋಯಿತು, ಅಷ್ಟೆ.

ಭಾನುವಾರ ಬೆಳಗ್ಗೆ ಜಿನುಗುತ್ತಿತ್ತು. ಹೋಗುವುದೋ ಬೇಡವೋ ಎಂಬ ಪ್ರಶ್ನೆಯೇ ಏಳಲಿಲ್ಲ. ಟಿಕೆಟ್ ಐದು ದಿನದ್ದು. ಒಳಗೆ ಹೋಗಿ ಕೂತರೆ ಮೈದಾನದ ನಡುವೆ ಹೊದಿಕೆಗಳ ಅಡಿಯಲ್ಲಿ ಪಿಚ್ ಮಲಗಿತ್ತು. ಆಟ ನಡೆಯುವಾಗ ಯಾರ ಕಣ್ಣಿಗೂ ಬೀಳದ ಜನ ಆವತ್ತು ಕಂಡರು. ಬರಿಗಾಲು, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ತಲೆಗೆ ಪ್ಲಾಸ್ಟಿಕ್ ಚೀಲ. ಹೊದಿಕೆಯ ಮೇಲೆ ನಿಂತ ನೀರನ್ನು ತೆಗೆಯುವುದಕ್ಕೆ ಅವರದೊಂದು ಕ್ರಮವಿತ್ತು. ಹತ್ತಾರು ಜನ ಒಂದಂಚನ್ನು ಸಾಲಾಗಿ ಹಿಡಿದು ಒಂದೇ ಹೊತ್ತಿಗೆ ಎತ್ತುತ್ತಾರೆ, ಎತ್ತಿದ್ದನ್ನು ಹಿಡಿದುಕೊಂಡೇ ಓಡುತ್ತಾರೆ. ನೀರು ಮುಂದೆ ಮುಂದೆ ಗುಡ್ಡೆಯಾಗಿ ಉರುಳುತ್ತ ಹೋಗಿ ಬೌಂಡರಿಯ ಆಚೆ ಚರಂಡಿಗೆ ಬೀಳುತ್ತದೆ. ಒಬ್ಬ ಹಿಂದೆ ಬಿದ್ದರೆ ನೀರು ಅವನ ಕಡೆಯಿಂದಲೇ ವಾಪಸು ನುಗ್ಗುತ್ತದೆ. ಹಾಗಾಗದಂತೆ ತುದಿಯಲ್ಲಿ ಒಬ್ಬ ವಯಸ್ಸಾದವರು ಕೈಯೆತ್ತಿ ತಾಳ ಹಾಕುತ್ತಿದ್ದರು. ಗುಡ್ಡೆ ನೀರು ಗೆರೆ ದಾಟಿದ ಕೂಡಲೇ ಹದಿನೇಳನೇ ನಂಬರಿನ ಹುಡುಗ ಎದ್ದು, ‘ಫೋರ್!’ ಎಂದು ಕೂಗಿದ. ಆಮೇಲೆ ಇಡೀ ಸ್ಟ್ಯಾಂಡು ಅದನ್ನೇ ಹಿಡಿದುಕೊಂಡಿತು. ಪ್ರತಿ ಸಲ ನೀರು ದಾಟಿದಾಗಲೂ ಫೋರ್; ಅಂಪೈರ್ ಹಾಗೆ ಕೈ ಬೀಸುವವರು ಬೇರೆ. ಮೈದಾನದ ಹುಡುಗರಲ್ಲೊಬ್ಬ ನಮ್ಮ ಕಡೆ ತಿರುಗಿ ಬ್ಯಾಟ್ ಎತ್ತಿದಂತೆ ಪೊರಕೆ ಎತ್ತಿ ತೋರಿಸಿದ. ಆ ಟೆಸ್ಟ್‌ನಲ್ಲಿ ನಾನು ಕಂಡ ಒಂದೇ ಸೆಂಚುರಿ ಸಂಭ್ರಮ ಅದು.

ಸೂಪರ್ ಸಾಪರ್ ಎಂಬ ಯಂತ್ರ ಬಂತು. ಆಸ್ಟ್ರೇಲಿಯಾದವರ ಆವಿಷ್ಕಾರ; ಸ್ಪಂಜು ಸುತ್ತಿದ ಉರುಳೆ ಹುಲ್ಲಿನ ಮೇಲಿನ ನೀರನ್ನು ಹೀರಿ, ಹಿಂಡಿ, ತೊಟ್ಟಿಗೆ ತುಂಬಿಕೊಳ್ಳುತ್ತದೆ. ಅದು ಒಂದು ಸುತ್ತು ಮುಗಿಸುವ ಹೊತ್ತಿಗೆ ಸರಿಯಾಗಿ ಮಳೆ ಮತ್ತೆ ಶುರುವಾಗುತ್ತಿತ್ತು. ಅಂಪೈರುಗಳು ಛತ್ರಿ ಹಿಡಿದು ಬಂದರು. ಹುಲ್ಲಿನ ಮೇಲೆ ಹಿಮ್ಮಡಿ ಒತ್ತಿ, ತೆಗೆದು, ಆ ಗುರುತಿನೊಳಗೆ ನೀರು ಬರುತ್ತದೆಯೇ ಎಂದು ಬಗ್ಗಿ ನೋಡಿದರು. ಮಾವ ಬೈನಾಕ್ಯುಲರ್ ಹಿಡಿದು ಅಂಪೈರ್ ಹಿಮ್ಮಡಿಯನ್ನೇ ನೋಡುತ್ತಿದ್ದರು. ‘ಬಂತು. ನೀರು ಬಂತು. ಇವತ್ತು ಮುಗೀತು’ ಅಂದರು. ಅಧಿಕೃತ ಘೋಷಣೆ ಬರುವ ಎಷ್ಟೋ ಹೊತ್ತಿಗೆ ಮುಂಚೆ ನಮ್ಮ ಸಾಲಿನಲ್ಲಿ ಚಕ್ಕುಲಿ ಪೊಟ್ಟಣ ಬಿಚ್ಚಲಾಯಿತು.

ಆ ಹೊತ್ತಿನಲ್ಲೇ ಮಾವ 1983ರ ಕಥೆ ತೆಗೆದದ್ದು. ಜೂನ್‌ನಲ್ಲಿ ವಿಶ್ವಕಪ್ ಗೆದ್ದು ಬಂದ ತಂಡ ಸೆಪ್ಟೆಂಬರ್‌ನಲ್ಲಿ ಇದೇ ಮೈದಾನಕ್ಕೆ ಇಳಿಯಿತು, ಎದುರಿಗೆ ಪಾಕಿಸ್ತಾನ. ಅದು ಉತ್ತರೆ ಮಳೆಯ ಕಾಲ. ಬೆಂಗಳೂರಿಗೆ ವರ್ಷದ ಹೆಚ್ಚಿನ ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನೈರುತ್ಯ ಮುಂಗಾರು ಹೋಗುವಾಗಲೂ ಒಂದು ಕೈ ನೋಡುತ್ತದೆ, ಈಶಾನ್ಯದ್ದು ಬರುವಾಗಲೂ ನೋಡುತ್ತದೆ. ನಮ್ಮ ಕ್ರಿಕೆಟ್ ಋತು ಶುರುವಾಗುವುದೂ ಸರಿಯಾಗಿ ಆಗಲೇ. ಆ ಟೆಸ್ಟ್‌ನಲ್ಲೂ ಮಳೆ ಸಾಕಷ್ಟು ಆಟ ತಿಂದುಹಾಕಿತು. ಭಾರತ ಆರು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿದ್ದಾಗ ನಮ್ಮೂರಿನ ರೋಜರ್ ಬಿನ್ನಿ ಮದನ್ ಲಾಲ್ ಜೊತೆ 155 ರನ್ ಸೇರಿಸಿ, ತಾನು 83 ಮಾಡಿ ಔಟಾಗದೆ ಉಳಿದರು. ಆಕಡೆ ಜಾವೇದ್ ಮಿಯಾಂದಾದ್ 99ಕ್ಕೆ ಹೋದರು. ಕೊನೆಯ ದಿನ ಫಲಿತಾಂಶ ಬರುವಂತಿರಲಿಲ್ಲ. ಗವಾಸ್ಕರ್ ಶತಕದ ಹತ್ತಿರ ಇದ್ದರು. ಇನ್ನು ಆಡಿ ಏನು ಪ್ರಯೋಜನ ಎಂದು ಝಹೀರ್ ಅಬ್ಬಾಸ್ ತಮ್ಮ ತಂಡವನ್ನು ಕರೆದುಕೊಂಡು ಪೆವಿಲಿಯನ್‌ಗೆ ನಡೆದುಬಿಟ್ಟರು. ಕಡ್ಡಾಯದ 20 ಓವರುಗಳಲ್ಲಿ ಇನ್ನೂ ಕೆಲವು ಬಾಕಿ ಇವೆ ಎಂದು ಅಂಪೈರುಗಳು ಪಟ್ಟು ಹಿಡಿದರು. ಹೋದವರು ಮತ್ತೆ ಬರಬೇಕಾಯಿತು, ಬಂದು ಓವರು ಮುಗಿಸಿದರು, ಗವಾಸ್ಕರ್ 28ನೇ ಶತಕ ಹೊಡೆದರು.

‘ಓವರ್ ಎಷ್ಟು ಬಾಕಿ ಇತ್ತು ಅಂತ ನಾನು ಲೆಕ್ಕ ಇಟ್ಟಿದ್ದೆ’ ಎಂದು ಮಾವ ಹೇಳುವಾಗ ಅಂಪೈರುಗಳು ಅವರನ್ನೇ ಕೇಳಿ ತೀರ್ಮಾನ ಮಾಡಿದರೇನೋ ಅನ್ನಿಸುವಂತಿತ್ತು. ನಾನು ತಡೆಯಲಿಲ್ಲ. ಮಳೆ ಬಂದ ದಿನ ಪ್ರೇಕ್ಷಕನಿಗೆ ಸ್ವಲ್ಪ ರಿಯಾಯಿತಿ ಇರಬೇಕು.

ಆ ಕಥೆ ಕೇಳುತ್ತಿದ್ದ ಹುಡುಗ ಥಟ್ಟನೆ, ‘ಬಿನ್ನಿ ಅಂದ್ರೆ ನಮ್ಮ ಸ್ಟುವರ್ಟ್ ಬಿನ್ನಿ ಅಪ್ಪ ಅಲ್ವಾ ಅಂಕಲ್?’ ಅಂದ. ಹೌದು, ನಾವು ನೋಡುತ್ತಿದ್ದ ಟೆಸ್ಟ್‌ನ ಹನ್ನೊಂದರಲ್ಲಿ ಮಗನೂ ಇದ್ದ. ತಂದೆ ಟೆಸ್ಟ್ ಆಟಕ್ಕೆ ಕಾಲಿಟ್ಟದ್ದೇ ಈ ಮೈದಾನದಲ್ಲಿ, 1979ರಲ್ಲಿ. ಮಗನಿಗೆ ತವರೂರಿನ ಟೆಸ್ಟ್ ಸಿಕ್ಕಿತು, ಬ್ಯಾಟ್ ಹಿಡಿಯುವ ಸರದಿ ಸಿಗಲಿಲ್ಲ. ಆಗ ನಮಗೆ ಗೊತ್ತಿರಲಿಲ್ಲ, ಅವನ ಆರು ಟೆಸ್ಟ್‌ಗಳಲ್ಲಿ ಅದೇ ಕೊನೆಯದಾಗಲಿತ್ತು. ಮಳೆ ಅವನ ಮಟ್ಟಿಗೆ ಯಾವಾಗಲೂ ಕೆಟ್ಟದ್ದೇ ಮಾಡಿತು ಎನ್ನುವಂತೆಯೂ ಇಲ್ಲ. 2014ರ ಜೂನ್‌ನಲ್ಲಿ ಢಾಕಾದಲ್ಲಿ ಮಳೆಯಿಂದ ಮೊಟಕಾದ ಒಂದು ದಿನದ ಪಂದ್ಯ. ಭಾರತ 105ಕ್ಕೆ ಮುಗಿದು ಎಲ್ಲರೂ ತಲೆ ಮೇಲೆ ಕೈ ಹೊತ್ತಾಗ ಇವನು ಬರೇ 4 ರನ್ ಕೊಟ್ಟು 6 ವಿಕೆಟ್ ತೆಗೆದು ಬಾಂಗ್ಲಾದೇಶವನ್ನು 58ಕ್ಕೆ ಮುಗಿಸಿದ. ಒಂದು ದಿನದ ಕ್ರಿಕೆಟ್‌ನಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಬೌಲಿಂಗ್ ಅದು. ಅದಕ್ಕೆ ಮೊದಲು ಆ ದಾಖಲೆ ಯಾರ ಹೆಸರಿನಲ್ಲಿತ್ತು ಗೊತ್ತಲ್ಲ, ಕುಂಬ್ಳೆ, 12ಕ್ಕೆ 6. ಊರಿನ ಆಸ್ತಿ ಊರಿನಲ್ಲೇ ಉಳಿಯಿತು.

ಸೋಮವಾರ ನಾವು ಸ್ಟೇಡಿಯಂನಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋದೆವು. ಎಂಜಿ ರಸ್ತೆಯಲ್ಲಿದ್ದ ಅದು 2009ರಲ್ಲಿ ಇಲ್ಲಿಗೆ ಬಂದಿದೆ, ಪೇಟದ ಮಾಣಿಗಳು ಮಾತ್ರ ಹಾಗೇ ಇದ್ದಾರೆ. ಅಂದು ಅಲ್ಲಿನ ಅರ್ಧ ಟೇಬಲ್‌ಗಳಲ್ಲಿ ಟೆಸ್ಟ್ ಟಿಕೆಟ್ ಜೇಬಿನಲ್ಲಿದ್ದವರೇ. ಹುಡುಗನೂ ಜೊತೆಗೆ ಬಂದಿದ್ದ, ಅವನ ಅಂಗಿ ಅದೇ, ಕೆನ್ನೆಯ ಬಣ್ಣ ಹೋಗಿತ್ತು. ಪಕ್ಕದ ಟೇಬಲ್ಲಿನಲ್ಲಿ ಮಂಡ್ಯದಿಂದ ಬಂದಿದ್ದ ತಂದೆ-ಮಗಳು. ಹುಡುಗಿ ಸ್ಕೂಲಿಗೆ ಚಕ್ಕರ್ ಹೊಡೆದು ಬಂದಿದ್ದಳು. ತಂದೆ, ಮಳೆಗೆ ರಜೆ ಕೊಟ್ಟರಂತೆ ಎಂದು ಅಮ್ಮನಿಗೆ ಹೇಳಬೇಕೆಂದು ಮಗಳಿಗೆ ಪಾಠ ಮಾಡುತ್ತಿದ್ದರು. ಆಟ ನಡೆಯುತ್ತಿದ್ದರೆ ಇವರಾರೂ ನನಗೆ ಪರಿಚಯವಾಗುತ್ತಿರಲಿಲ್ಲ. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತವರು ಎದುರುಬದುರು ಕೂರಲು ಒಂದು ಮಳೆ ಬೇಕಾಯಿತು.

ಮಾತು ಸಹಜವಾಗಿ ದಕ್ಷಿಣ ಆಫ್ರಿಕಾ ಮತ್ತು ಮಳೆಯ ಹಳೇ ವೈರದ ಕಡೆ ತಿರುಗಿತು. 1992ರ ವಿಶ್ವಕಪ್ ಸೆಮಿಫೈನಲ್, ಸಿಡ್ನಿ. 13 ಚೆಂಡಿಗೆ 22 ರನ್ ಬೇಕಿದ್ದಾಗ ಮಳೆ ಬಂತು. ಹನ್ನೆರಡು ನಿಮಿಷ ಕಳೆದು ಆಟ ಮತ್ತೆ ಶುರುವಾಗುವ ಹೊತ್ತಿಗೆ ಸ್ಕೋರ್‌ಬೋರ್ಡು ಒಂದು ಚೆಂಡಿಗೆ 22 ಬೇಕು ಎನ್ನುತ್ತಿತ್ತು. ಮೊದಲು ಆಡಿದ ತಂಡದ ಅತಿ ಕಡಿಮೆ ರನ್ ಬಂದ ಓವರುಗಳನ್ನು ಕಳೆಯುವ ನಿಯಮ. ಇಂಗ್ಲೆಂಡಿನ ಎರಡು ಓವರು ಹೋದರೂ ಗುರಿ ಒಂದೇ ಒಂದು ರನ್ ಕಡಿಮೆಯಾಗಿತ್ತು, ಬೋರ್ಡಿನವರು ಅದನ್ನೂ ಕಳೆದಿರಲಿಲ್ಲ. 2003ರಲ್ಲಿ ಡರ್ಬನ್. ಮಳೆ ಸುರಿಯುತ್ತಿದೆ, ಓವರಿನ ಕೊನೆಯಿಂದ ಎರಡನೇ ಚೆಂಡಿಗೆ ಮಾರ್ಕ್ ಬೌಷರ್ ಮುರಳೀಧರನ್‌ಗೆ ಸಿಕ್ಸರ್ ಎತ್ತಿದ. ಕೊನೆಯ ಚೆಂಡನ್ನು ಸಾಕಾಯಿತೆಂದು ಸುಮ್ಮನೆ ತಡೆದ. ಸಾಕಾಗಿರಲಿಲ್ಲ. ಅದು ಸಮಬಲದ ಸ್ಕೋರು, ಗೆಲ್ಲಲು ಇನ್ನೊಂದು ಬೇಕಿತ್ತು. ತವರಿನ ವಿಶ್ವಕಪ್‌ನಿಂದ ಅವರೇ ಹೊರಬಿದ್ದರು. ಇನ್ನು 2015ರ ಮಾರ್ಚ್, ಆಕ್ಲೆಂಡ್ ಸೆಮಿಫೈನಲ್. 38 ಓವರಿಗೆ ಮಳೆ ಬಂದಾಗ ಡಿವಿಲಿಯರ್ಸ್ ಕೈ ಬಿಸಿಯಾಗಿತ್ತು. ಆಟ 43 ಓವರಿಗೆ ಇಳಿಯಿತು, ಅವನು 65ಕ್ಕೆ ಉಳಿದ. ಜೋಹಾನ್ಸ್‌ಬರ್ಗ್‌ನಲ್ಲೇ ಹುಟ್ಟಿದ ಗ್ರಾಂಟ್ ಎಲಿಯಟ್ ನ್ಯೂಜಿಲೆಂಡ್ ಪರ ಸಿಕ್ಸರ್ ಹೊಡೆದು ಮುಗಿಸಿದ. ಮಾರ್ಚ್‌ನಲ್ಲಿ ಡಿವಿಲಿಯರ್ಸ್‌ನ ವಿಶ್ವಕಪ್, ನವೆಂಬರ್‌ನಲ್ಲಿ ಅವನ ನೂರನೇ ಟೆಸ್ಟ್. ‘ಅವನ ಜಾತಕದಲ್ಲಿ ಜಲಗಂಡ ಇದೆ ಕಣ್ರೀ’ ಎಂದು ಮಂಡ್ಯದವರು ತೀರ್ಪು ಕೊಟ್ಟರು.

ಸಿಡ್ನಿಯ ಆ ಅವಮಾನದಿಂದ ಹುಟ್ಟಿದ್ದು ಡಕ್ವರ್ತ್-ಲೂಯಿಸ್ ಲೆಕ್ಕ. ಜನ ಅದನ್ನು ಬೈಯುವುದನ್ನು ಕೇಳಿದಾಗೆಲ್ಲ ನನಗೆ ಸ್ವಲ್ಪ ಕೋಪ ಬರುತ್ತದೆ. ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕೂತು ಯೋಚಿಸಿದ ಸರಳವಾದ ವಿಚಾರ ಅದು. ಬ್ಯಾಟ್ ಮಾಡುವ ತಂಡದ ಹತ್ತಿರ ಎರಡು ಆಸ್ತಿ ಇರುತ್ತವೆ: ಉಳಿದ ಚೆಂಡು, ಉಳಿದ ವಿಕೆಟ್. ಮಳೆ ಚೆಂಡನ್ನು ಕಿತ್ತುಕೊಂಡಾಗ ವಿಕೆಟ್ ಎಷ್ಟಿತ್ತು ಎಂಬುದರ ಮೇಲೆ ನಷ್ಟದ ಅಂದಾಜು. 1997ರ ಮೊದಲ ದಿನ ಹರಾರೆಯಲ್ಲಿ ಮೊದಲ ಬಾರಿ ಬಳಸಿದರು. ನಾನು ಕ್ಲಾಸಿನಲ್ಲಿ ಇದನ್ನೇ ಉದಾಹರಣೆ ಕೊಟ್ಟು ಘಾತಾಂಕ ಹೇಳಿಕೊಡುತ್ತೇನೆ. ಹಿಂದಿನ ಬೆಂಚಿನವರೂ ಅವತ್ತು ತಲೆ ಎತ್ತುತ್ತಾರೆ.

ಟೆಸ್ಟ್‌ಗೆ ಮಾತ್ರ ಇಂಥ ಯಾವ ಲೆಕ್ಕವೂ ಇಲ್ಲ. ಮಳೆ ತಿಂದ ಹೊತ್ತು ತಿಂದದ್ದೇ. ಹಿಂದೆ ಪಿಚ್‌ಗೆ ಹೊದಿಕೆಯನ್ನೂ ಹಾಕುತ್ತಿರಲಿಲ್ಲ. ನೆಂದ ಪಿಚ್ ಬಿಸಿಲಿಗೆ ಒಣಗುವಾಗ ಅದರ ಮೇಲೆ ಆಡುವುದು ಯಾರಿಂದಲೂ ಆಗದ ಕೆಲಸವಾಗಿತ್ತು. 1937ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಅಂಥ ಪಿಚ್ ಸಿಕ್ಕಾಗ ಬ್ರಾಡ್ಮನ್ ಬ್ಯಾಟಿಂಗ್ ಸಾಲನ್ನೇ ತಲೆಕೆಳಗೆ ಮಾಡಿ, ಕೊನೆಯ ಇಬ್ಬರನ್ನು ಮೊದಲು ಕಳಿಸಿ, ಪಿಚ್ ಒಣಗಿದ ಮೇಲೆ ತಾನು ಏಳನೆಯವನಾಗಿ ಹೋಗಿ 270 ಹೊಡೆದ. ಮಾವನಿಗೆ ಇದಕ್ಕಿಂತ ಇಷ್ಟವಾದ ಕಥೆ 1968ರ ಓವಲ್ ಮೈದಾನದ್ದು. ಆಸ್ಟ್ರೇಲಿಯಾ ವಿರುದ್ಧ ಕೊನೆಯ ದಿನ ಇಂಗ್ಲೆಂಡ್ ಗೆಲ್ಲುವ ಹಂತದಲ್ಲಿದ್ದಾಗ ಊಟದ ಹೊತ್ತಿಗೆ ಮಳೆ ಸುರಿದು ಮೈದಾನ ಕೆರೆಯಾಯಿತು. ಆಗ ಪ್ರೇಕ್ಷಕರೇ ಇಳಿದರು, ಪೊರಕೆ ಹಿಡಿದು, ಟವೆಲು ಹಿಡಿದು. ಮೈದಾನದವರ ಜೊತೆ ನಿಂತು ನೀರು ತೆಗೆದರು. ಒಂದು ಗಂಟೆ ಚಿಲ್ಲರೆ ಆಟ ಸಿಕ್ಕಿತು. ಅಂಡರ್‌ವುಡ್ ಏಳು ವಿಕೆಟ್ ಪೂರೈಸಿ ಆರು ನಿಮಿಷ ಬಾಕಿ ಇರುವಾಗ ಇಂಗ್ಲೆಂಡನ್ನು ಗೆಲ್ಲಿಸಿದ. ‘ನಮ್ಮನ್ನ ಬಿಟ್ಟರೆ ನಾವೂ ಇಳೀತೀವಿ’ ಎಂದು ಮಾವ ಕಾಫಿ ಹೌಸಿನಲ್ಲಿ ಗಟ್ಟಿಯಾಗಿ ಸಾರಿದರು. ಅವರಿಗೆ ಮಂಡಿನೋವು. ಹುಡುಗ ಮಾತ್ರ ಎದ್ದೇ ನಿಂತಿದ್ದ.

ಮಂಗಳವಾರ, ಬುಧವಾರದ ಬಗ್ಗೆ ಹೇಳುವಂಥದ್ದೇನಿಲ್ಲ. ಎರಡೂ ದಿನ ಹೋದೆವು, ಎರಡೂ ದಿನ ಹಿಮ್ಮಡಿ ಗುರುತಿನಲ್ಲಿ ನೀರು ಬಂತು. ಮಾವ ಬ್ಯಾಂಕಿನ ಕೆಲಸ ಮುಂದೂಡಿದರು.

ಅದಾದ ಮೇಲೆ ಮೈದಾನವನ್ನು ಅಗೆದು ಮಣ್ಣಿನ ಬದಲು ಮರಳು ತುಂಬಿ, ಅಡಿಯಲ್ಲಿ ತೂತಿನ ಪೈಪುಗಳ ಜಾಲ ಹಾಸಿದರು. ಅಮೆರಿಕದಲ್ಲಿ ಗಾಲ್ಫ್ ಮೈದಾನಗಳಿಗಾಗಿ ಮಾಡಿದ ಸಬ್‌ಏರ್ ವ್ಯವಸ್ಥೆ ಅದು. ನೆಲದಡಿಯಿಂದ ಪಂಪು ಗಾಳಿಯೊಂದಿಗೆ ನೀರನ್ನು ಎಳೆದುಕೊಳ್ಳುತ್ತದೆ. 2017ರಲ್ಲಿ ಶುರುವಾದಾಗ ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲೇ ಇದು ಮೊದಲನೆಯದು ಎಂದು ಹೇಳಿದರು. ಬಿದ್ದ ಮಳೆಯನ್ನು ಎಳೆದುಕೊಳ್ಳಬಹುದು, ಬೀಳುತ್ತಿರುವುದನ್ನು ನಿಲ್ಲಿಸುವ ಪಂಪು ಇನ್ನೂ ಬಂದಿಲ್ಲ. 2022ರ ಜೂನ್‌ನಲ್ಲಿ ಮತ್ತೆ ಅದೇ ದಕ್ಷಿಣ ಆಫ್ರಿಕಾ ಬಂತು, ಸರಣಿ 2-2 ಆಗಿ ನಿರ್ಣಾಯಕ ಟಿ20. ಆಟ ನಡೆದದ್ದು 3.3 ಓವರು. ಕಪ್ಪನ್ನು ಎರಡೂ ತಂಡದವರು ಹಂಚಿಕೊಂಡರು.

2023ರ ವಿಶ್ವಕಪ್‌ನಲ್ಲಿ ಪಾಕಿಸ್ತಾನ-ನ್ಯೂಜಿಲೆಂಡ್ ಪಂದ್ಯಕ್ಕೆ ನಾನೊಬ್ಬಳೇ ಹೋಗಿದ್ದೆ. ತಂದೆಯ ಕಡೆಯಿಂದ ಬೆಂಗಳೂರಿನವನೇ ಆದ ರಚಿನ್ ರವೀಂದ್ರ ಅಜ್ಜ-ಅಜ್ಜಿಯ ಊರಿನಲ್ಲಿ 108 ಹೊಡೆದ. ಗ್ಯಾಲರಿ ಅವನ ಹೆಸರು ಕೂಗಿ ಕೂಗಿ ದಣಿಯಿತು. ನ್ಯೂಜಿಲೆಂಡ್ 401. ಫಖರ್ ಝಮಾನ್ ಆಕಾಶ ನೋಡಿಕೊಂಡೇ ಬ್ಯಾಟ್ ಬೀಸಿದಂತಿತ್ತು, 11 ಸಿಕ್ಸರ್. ಮಳೆ ಎರಡನೇ ಸಲ ಬಂದು ಆಟ ನಿಂತಾಗ 25.3 ಓವರಿಗೆ ಪಾಕಿಸ್ತಾನ ಒಂದು ವಿಕೆಟ್ಟಿಗೆ 200, ಲೆಕ್ಕದ ಪ್ರಕಾರ ಬೇಕಿದ್ದದ್ದು 179. 401 ಹೊಡೆದವರು ಸೋತರು. ಪಕ್ಕದಲ್ಲಿದ್ದವರು ಇದು ಅನ್ಯಾಯ ಅಂದರು. ಒಂಬತ್ತು ವಿಕೆಟ್ ಕೈಯಲ್ಲಿತ್ತು ನೋಡಿ ಎಂದು ಅವರಿಗೆ ಘಾತಾಂಕ ವಿವರಿಸಲು ಹೊರಟೆ. ಅವರು ಎದ್ದು ಪಾಪ್‌ಕಾರ್ನ್ ತರಲು ಹೋದರು.

ಮತ್ತೆ 2024ರ ಅಕ್ಟೋಬರ್, ಅದೇ ನ್ಯೂಜಿಲೆಂಡ್, ಈ ಸಲ ಟೆಸ್ಟ್. ಮೊದಲ ದಿನ ಟಾಸ್ ಕೂಡ ಇಲ್ಲ. ಸಬ್‌ಏರ್ ರಾತ್ರಿಯೆಲ್ಲ ಎಳೆದು ಎರಡನೇ ದಿನ ಹೊತ್ತಿಗೆ ಸರಿಯಾಗಿ ಮೈದಾನ ಒಣಗಿಸಿ ಕೊಟ್ಟಿತು. ಮೋಡ ಹಾಗೇ ಇತ್ತು, ಪಿಚ್ ಹೊದಿಕೆಯಡಿ ಬೆವತಿತ್ತು. ರೋಹಿತ್ ಟಾಸ್ ಗೆದ್ದು ಬ್ಯಾಟಿಂಗ್ ಅಂದರು. 46ಕ್ಕೆ ಆಲೌಟ್, ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ. ಮ್ಯಾಟ್ ಹೆನ್ರಿ 15ಕ್ಕೆ 5. ಮಾವ ಮನೆಯಲ್ಲಿ ಟಿವಿ ಮುಂದೆ ಕೂತು, ಮೈದಾನ ಒಣಗಿಸಿದ ಆ ಯಂತ್ರಕ್ಕೆ ಹಿಡಿಶಾಪ ಹಾಕಿದರು. ಇನ್ನೊಂದು ದಿನ ನೀರು ನಿಂತಿದ್ದರೆ ಏನು ಗಂಟು ಹೋಗುತ್ತಿತ್ತು ಎಂಬುದು ಅವರ ವಾದ. ರಚಿನ್ ಈ ಸಲ 134. ಸರ್ಫರಾಜ್ 150, ಪಂತ್ 99 ಮಾಡಿ ಹೋರಾಡಿದರೂ ನ್ಯೂಜಿಲೆಂಡ್ 36 ವರ್ಷದ ಮೇಲೆ ಭಾರತದಲ್ಲಿ ಟೆಸ್ಟ್ ಗೆದ್ದಿತು.

2015ರ ಆ ಸರಣಿಗೆ ಒಂದು ಬಾಲವಿದೆ. ಬೆಂಗಳೂರಿನಿಂದ ನಾಗ್ಪುರಕ್ಕೆ ಹೋದ ದಕ್ಷಿಣ ಆಫ್ರಿಕಾದವರು ಮೂರೇ ದಿನದಲ್ಲಿ ಸೋತರು, ಅಲ್ಲಿ ಚೆಂಡು ಬುಗುರಿಯಂತೆ ತಿರುಗಿತು. ಡಿಸೆಂಬರ್‌ನಲ್ಲಿ ದೆಹಲಿ, ಕೊನೆಯ ಟೆಸ್ಟ್, ಉಳಿಸಿಕೊಳ್ಳಬೇಕಾದರೆ ಎರಡು ದಿನ ಹತ್ತಿರ ಬ್ಯಾಟ್ ಮಾಡಬೇಕು. ಆಮ್ಲಾ 244 ಚೆಂಡು ಎದುರಿಸಿ 25 ರನ್ ಮಾಡಿದ. ಬೆಂಗಳೂರಿನಲ್ಲಿ ನಮ್ಮನ್ನು ಕುಣಿಸಿದ್ದ ಡಿವಿಲಿಯರ್ಸ್ 297 ಚೆಂಡಿಗೆ 43. ಮಾವ ಕುರ್ಚಿ ಬಿಟ್ಟು ಏಳಲಿಲ್ಲ. ಪ್ರತಿ ಓವರಿಗೊಮ್ಮೆ ಗಡಿಯಾರ ನೋಡಿಕೊಂಡು, ‘ಮಳೆ ಕಾಯ್ತಿದ್ದಾನೆ ಕಣಮ್ಮ ಇವನು’ ಎನ್ನುತ್ತಿದ್ದರು. ದೆಹಲಿಯಲ್ಲಿ ಒಂದು ಹನಿ ಬೀಳಲಿಲ್ಲ. ಕೊನೆಗೆ ಅಶ್ವಿನ್ ಚೆಂಡು ಅವನ ಗ್ಲೌಸಿಗೆ ತಾಗಿ ಜಡೇಜಾ ಕೈಗೆ ಹೋಯಿತು, 143.1 ಓವರಿಗೆ 143 ರನ್, ಭಾರತಕ್ಕೆ 337 ರನ್ನಿನ ಗೆಲುವು, ಸರಣಿ 3-0. ಮಾವ ಟಿವಿ ಆರಿಸಿ ಎಚ್‌ಎಂಟಿಗೆ ಕೀಲಿ ಕೊಡುತ್ತ, ‘ನಮ್ಮೂರಿಂದು ಒಂದು ದಿನದ್ದು ಅಲ್ಲಿಗೆ ಕಳಿಸಿದ್ದಿದ್ರೆ ಪಾಪ ಸಾಕಿತ್ತು’ ಅಂದರು.